ಮುಖದ ಕಲೆ, ಅಭಿನಯದ ಕಲೆ

ಗಾಯ ಮಾಗಿದ ಮೇಲೆ ಉಳಿಯುವ ಗುರುತನ್ನು ಕನ್ನಡದಲ್ಲಿ ಕಲೆ ಎನ್ನುತ್ತೇವೆ. ನಟ, ಗಾಯಕ, ಶಿಲ್ಪಿಗಳ ಸಾಧನೆಯನ್ನೂ ಕಲೆ ಎಂದೇ ಕರೆಯುತ್ತೇವೆ. ಎರಡರ ಮೂಲ ಬೇರೆ ಎಂಬುದು ಪಂಡಿತರ ಮಾತು. ಆದರೂ ಇವೆರಡೂ ಒಂದೇ ಮುಖದಲ್ಲಿ ಕೂಡಿಬಂದ ಬದುಕೊಂದನ್ನು ಪ್ರಿಯ ವಾಚಕರ ಮುಂದಿಡಲು ಬಯಸುತ್ತೇವೆ.

ಸಂಗನಕಲ್ಲಿನ ಆಸುಪಾಸಿನ ಹಳ್ಳಿಗಳಲ್ಲಿ ಹಿಂದಿನ ತಲೆಮಾರಿನವರಿಗೆ ಸಿಡುಬಿನ ಕುಳಿಗಳು ಅಪರೂಪವಾಗಿರಲಿಲ್ಲ. 1975ರಲ್ಲಿ ಭಾರತದ ಕೊನೆಯ ಪ್ರಕರಣ ವರದಿಯಾಯಿತು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ರೋಗ ಹೋಯಿತು, ಮುಖಗಳು ಉಳಿದವು. ಅಂಥ ಮುಖಗಳಲ್ಲಿ ಒಂದು, 1950ರಲ್ಲಿ ಅಂಬಾಲಾದಲ್ಲಿ ಜನಿಸಿದ ನಟ ಓಂ ಪುರಿಯವರದು.

ಬಡತನದ ಬಾಲ್ಯ; ಚಹಾ ಅಂಗಡಿಯಲ್ಲಿ ದುಡಿಮೆ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಶಿಕ್ಷಣ. ರಂಗಭೂಮಿಯಲ್ಲಿ ಬಣ್ಣವುಂಟು, ದೂರವುಂಟು. ನಮ್ಮ ಬಳ್ಳಾರಿ ರಾಘವರ (1880-1946) ಕಾಲದಿಂದಲೂ ಪ್ರೇಕ್ಷಕರು ನಟನನ್ನು ಅಷ್ಟು ದೂರದಿಂದಲೇ ಕಂಡವರು. ಕ್ಯಾಮೆರಾ ಹಾಗಲ್ಲ, ಅದು ಚರ್ಮದ ಸನಿಹಕ್ಕೇ ಬರುತ್ತದೆ. ಆದುದರಿಂದಲೇ ಪುಣೆಯ ಚಲನಚಿತ್ರ ಸಂಸ್ಥೆಯ ಪ್ರವೇಶಕ್ಕೆ ಓಂ ಪುರಿ ಬಂದಾಗ ಆಯ್ಕೆಗಾರರು ಹಿಂಜರಿದರು. ಈತ ನಾಯಕನೂ ಅಲ್ಲ, ಖಳನೂ ಅಲ್ಲ, ಹಾಸ್ಯಗಾರನೂ ಅಲ್ಲ. ಚಿತ್ರರಂಗಕ್ಕೆ ಇವನಿಂದೇನು ಪ್ರಯೋಜನ ಎಂಬುದು ಅವರ ಸಂದೇಹ. ಸಂಸ್ಥೆಯ ನಿರ್ದೇಶಕರಾಗಿದ್ದ ನಮ್ಮ ಗಿರೀಶ ಕಾರ್ನಾಡರು ಪಟ್ಟು ಹಿಡಿದು ಅವರನ್ನು ಸೇರಿಸಿಕೊಂಡರು.

ನಂತರದ ಕತೆ ಬಹುಮಂದಿಗೆ ತಿಳಿದದ್ದೇ. 1980ರ ‘ಆಕ್ರೋಶ್’ ಚಿತ್ರದಲ್ಲಿ ಅವರ ಪಾತ್ರಕ್ಕೆ ಮಾತೇ ಇಲ್ಲವೆನ್ನಬಹುದು. ಅನ್ಯಾಯಕ್ಕೊಳಗಾದ ಆದಿವಾಸಿಯ ಮೌನವನ್ನು ಹೊತ್ತದ್ದು ಆ ಮುಖವೇ. 1983ರ ‘ಅರ್ಧ ಸತ್ಯ’ ಅವರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿಯನ್ನು ತಂದಿತು. 1999ರಲ್ಲಿ ಕನ್ನಡದ ‘ಎಕೆ 47’ರಲ್ಲೂ ನಟಿಸಿದರು. 2017ರ ಜನವರಿಯಲ್ಲಿ ತೀರಿಕೊಂಡರು.

ಕಲೆಗಳೇ ಅವರನ್ನು ಕಲಾವಿದರನ್ನಾಗಿಸಿದವು ಎಂದು ಹೊಗಳುವವರಿದ್ದಾರೆ. ನಾವಿದನ್ನು ಒಪ್ಪಲಾರೆವು. ಕಾರಣಕ್ಕೂ ಸಂದರ್ಭಕ್ಕೂ ವ್ಯತ್ಯಾಸವುಂಟು (ತತ್ತ್ವಶಾಸ್ತ್ರದ ಹಳೆಯ ಅಭ್ಯಾಸ, ವಾಚಕರು ಸಹಿಸಬೇಕು). ಸಿಡುಬು ಲಕ್ಷಾಂತರ ಮುಖಗಳನ್ನು ಕೆತ್ತಿತು. ಅಭಿನಯವನ್ನು ಕಲಿಸಿದ್ದು ವರ್ಷಗಳ ಪರಿಶ್ರಮ. ಕಲೆಗಳು ಮಾಡಿದ್ದು ಇಷ್ಟೇ: ಹಾಡಿ ಕುಣಿಯುವ ನಾಯಕನ ಬಾಗಿಲನ್ನು ಮುಚ್ಚಿ, ಕೂಲಿಯವನ, ಪೊಲೀಸನ, ನೊಂದವನ ಪಾತ್ರಗಳತ್ತ ಅವರನ್ನು ನಡೆಸಿದವು. ಅದೇ ಹೊತ್ತಿಗೆ ಅಂಥ ಜನರ ಕತೆ ಹೇಳುವ ಹೊಸ ಅಲೆಯ ಚಿತ್ರಗಳು ಬಾರದೆ ಹೋಗಿದ್ದರೆ, ಅಥವಾ ಪುಣೆಯಲ್ಲಿ ಆ ಒಬ್ಬರು ಪಟ್ಟು ಹಿಡಿಯದೆ ಇದ್ದಿದ್ದರೆ?

ಈ ಪ್ರಶ್ನೆ ನಮ್ಮ ಧರ್ಮಕೇಂದ್ರಗಳಿಗೂ ತಾಗುವಂಥದು. ಸಿಡುಬಿಲ್ಲದಿದ್ದರೂ ಸೀಮೆಎಣ್ಣೆ ಸ್ಟೌವಿನ ಸುಟ್ಟ ಗುರುತು, ಹೊಲಿದ ಸೀಳುತುಟಿ, ತೊನ್ನಿನ ಬಿಳುಪು ಇರುವ ಮಕ್ಕಳು ನಮ್ಮ ನಡುವೆ ಬೆಳೆಯುತ್ತಿದ್ದಾರೆ. ಕ್ರಿಸ್ತಜಯಂತಿಯ ನಾಟಕದಲ್ಲಿ ಮರಿಯಮ್ಮನವರ, ಗಬ್ರಿಯೇಲ್ ದೂತನ ಪಾತ್ರಗಳು ಯಾರಿಗೆ ಸಲ್ಲುತ್ತವೆ, ಪರದೆ ಎಳೆಯುವ ಕೆಲಸ ಯಾರಿಗೆ ಎಂಬುದನ್ನು ತಾಯಂದಿರು ಬಲ್ಲರು. ಪುನರುತ್ಥಾನರಾದ ಪ್ರಭುವೇ ತಮ್ಮ ಗಾಯದ ಗುರುತುಗಳನ್ನು ತೋಮನಿಗೆ ತೋರಿದರೆಂಬುದನ್ನು ಓದಿ ಮುಗಿಸಿದ ಮರುದಿನವೇ ನಾವು ಹೀಗೆ ಆರಿಸುತ್ತೇವೆ.

ಬರುವ ಡಿಸೆಂಬರಿನಲ್ಲಿ ದೂತನ ಪಾತ್ರಕ್ಕೆ ಹೆಸರು ಕೊಡುವ ಮಕ್ಕಳನ್ನು ಪರದೆಯ ಹಿಂದೆ ನಿಲ್ಲಿಸಿ, ಮೊದಲು ಧ್ವನಿಯನ್ನಷ್ಟೇ ಕೇಳಬೇಕೆಂದಿದ್ದೇವೆ. ಸಂಭಾಷಣೆಯ ಹಾಳೆಗಳು ನವೆಂಬರಿನ ಮೊದಲ ಭಾನುವಾರ ಪೂಜೆಯ ನಂತರ ದೊರೆಯುತ್ತವೆ.