ಕೈಗೆ ಬಗ್ಗುವ ಬಂಡಿ: ಹಳೆಯ ಜೀಪಿನ ರಿಪೇರಿ ವಿದ್ಯೆ

ಮಳೆ ಹಿಡಿಯುವ ಮುನ್ನ ಮಲೆನಾಡಿನ ಮನೆಗಳಲ್ಲಿ ಕೆಲವು ಕೆಲಸಗಳು ತಪ್ಪದೆ ನಡೆಯುತ್ತವೆ. ಹೆಂಚು ಕೈಯಾಡಿಸಬೇಕು, ಸೌದೆ ಕೊಟ್ಟಿಗೆ ಸೇರಬೇಕು, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಏರ್ಪಾಡಾಗಬೇಕು. ಹಳೆಯ ಜೀಪು ಇರುವ ಮನೆಯಲ್ಲಿ ಇವುಗಳ ಜತೆಗೆ ಇನ್ನೊಂದು ಕೆಲಸವಿದೆ. ಅಂಗಳದಲ್ಲಿ ಜೀಪಿಗೆ ಜಾಕಿ ಕೊಟ್ಟು, ಚಕ್ರ ಬಿಚ್ಚಿ, ಬೇರಿಂಗಿಗೆ ಹೊಸ ಗ್ರೀಸು ತುಂಬಿ, ಬ್ರೇಕಿನ ಲೈನಿಂಗು ಎಷ್ಟು ಸವೆದಿದೆಯೆಂದು ನೋಡಬೇಕು. ಮೂವತ್ತು, ನಲವತ್ತು ವರ್ಷ ದಾಟಿದ ಜೀಪುಗಳು ಚಿಕ್ಕಮಗಳೂರು, ಕೊಡಗು, ಶಿವಮೊಗ್ಗ ಜಿಲ್ಲೆಗಳ ತೋಟದ ದಾರಿಗಳಲ್ಲಿ ಇನ್ನೂ ಓಡುತ್ತಿರುವ ಗುಟ್ಟು ಈ ಅಂಗಳದ ಕೆಲಸದಲ್ಲೇ ಇದೆ.

ಗೊಬ್ಬರದ ಮೂಟೆ, ಕಾಫಿ ಚೀಲ, ಬಾಳೆಗೊನೆ, ಕೂಲಿಯವರು ಎಲ್ಲವನ್ನೂ ಹೊರುವ ಈ ವಾಹನ ಒಮ್ಮೊಮ್ಮೆ ಆಂಬುಲೆನ್ಸೂ ಆಗುತ್ತದೆ. ಆಷಾಢದ ರಾತ್ರಿ ಒಂಟಿ ಮನೆಯಿಂದ ಗರ್ಭಿಣಿಯನ್ನು ಡಾಂಬರು ರಸ್ತೆಯವರೆಗೆ ತಲುಪಿಸಲು ಬೇರೆ ವಾಹನ ಬಾರದಿದ್ದಾಗ, ಜೀಪು ಶುರುವಾಗುತ್ತದೆಯೋ ಇಲ್ಲವೋ ಎಂಬುದು ಹವ್ಯಾಸದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹಾಗಾಗಿಯೇ ಅದನ್ನು ರಿಪೇರಿ ಮಾಡುವ ವಿದ್ಯೆ ಈ ಭಾಗದಲ್ಲಿ ಮನೆಮನೆಯ ವಿದ್ಯೆಯಾಗಿ ಬೆಳೆಯಿತು.

ಯುದ್ಧದ ಕೂಸು

ಜೀಪು ಹುಟ್ಟಿದ್ದು ಯುದ್ಧದ ಅವಸರದಲ್ಲಿ. 1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಯುವ ವಾಹನವೊಂದು ಬೇಕೆಂದು 135 ತಯಾರಕರನ್ನು ಕೇಳಿತು. ಮಾದರಿ ವಾಹನ ಒಪ್ಪಿಸಲು ಕೊಟ್ಟ ಗಡುವು ಕೇವಲ 49 ದಿನ. ಬಾಂಟಮ್ ಎಂಬ ಸಣ್ಣ ಕಂಪನಿ ಆ ಗಡುವಿನೊಳಗೆ ಮೊದಲ ಮಾದರಿಯನ್ನು ತಂದು ನಿಲ್ಲಿಸಿತು. ನಂತರ ವಿಲ್ಲಿಸ್ ಕಂಪನಿಯ ವಿನ್ಯಾಸ ಆಯ್ಕೆಯಾಯಿತು. ಬೇಡಿಕೆ ದೊಡ್ಡದಾದ್ದರಿಂದ ಅದೇ ನಕ್ಷೆಯ ಪ್ರಕಾರ ಫೋರ್ಡ್ ಕಂಪನಿಯೂ ಜೀಪು ತಯಾರಿಸಿತು. ಯುದ್ಧ ಮುಗಿಯುವ ಹೊತ್ತಿಗೆ ತಯಾರಾದ ಜೀಪುಗಳು ಆರು ಲಕ್ಷಕ್ಕೂ ಹೆಚ್ಚು.

ಒಂದು ಕಂಪನಿಯ ಜೀಪಿನ ಬಿಡಿಭಾಗ ಇನ್ನೊಂದರ ಜೀಪಿಗೆ ಕೂರಬೇಕಿತ್ತು. ಗುಂಡು ತಗುಲಿ ನಿಂತ ಎರಡು ಜೀಪುಗಳಿಂದ ಓಡುವ ಒಂದನ್ನು ಕಟ್ಟಲು ಸಾಧ್ಯವಾಗಬೇಕಿತ್ತು. ಅದನ್ನು ಮಾಡುವವನು ಎಂಜಿನಿಯರ್ ಅಲ್ಲ, ನಾಲ್ಕಾರು ಸ್ಪ್ಯಾನರ್ ಹಿಡಿದ ಸಿಪಾಯಿ. ಆದ್ದರಿಂದ ಇದರ ಮೈಯಲ್ಲಿ ಮುಚ್ಚುಮರೆ ಕಡಿಮೆ. ಬಾನೆಟ್ ಎತ್ತಿದರೆ ಎಂಜಿನಿನ ಪಕ್ಕದಲ್ಲಿ ನೆಲ ಕಾಣುತ್ತದೆ, ಕೈ ಎಲ್ಲ ಕಡೆಗೂ ಹೋಗುತ್ತದೆ. ಬಾಡಿಯನ್ನು ಕೆಲವು ಬೋಲ್ಟು ಬಿಚ್ಚಿ ಚಾಸಿಯಿಂದ ಎತ್ತಿ ಪಕ್ಕಕ್ಕಿಡಬಹುದು.

1945ರಲ್ಲಿ ಮಹೀಂದ್ರ ಸಹೋದರರು ಗುಲಾಮ್ ಮೊಹಮ್ಮದ್ ಅವರೊಡನೆ ಸೇರಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಕಂಪನಿ ಆರಂಭಿಸಿದರು. ದೇಶ ವಿಭಜನೆಯಾದಾಗ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. 1947ರಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸುವುದರಿಂದ ಶುರುವಾದ ಕೆಲಸ, ಕ್ರಮೇಣ ಜೀಪನ್ನು ಇಲ್ಲೇ ತಯಾರಿಸುವವರೆಗೆ ಬೆಳೆಯಿತು.

ನಮ್ಮ ಹಳೆಯ ಜೀಪುಗಳ ಎತ್ತರದ ಬಾನೆಟ್ಟಿಗೂ ಒಂದು ಕಾರಣವಿದೆ. 1953ರ ವಿಲ್ಲಿಸ್ ಮಾದರಿಗೆ ಹರಿಕೇನ್ ಎಂಬ 2.2 ಲೀಟರಿನ ಪೆಟ್ರೋಲ್ ಎಂಜಿನ್ ಹಾಕಲಾಯಿತು. ಇದರ ಒಳಸೇರಿಕೆಯ ವಾಲ್ವುಗಳು ಎಂಜಿನಿನ ತಲೆಯ ಮೇಲಿದ್ದುದರಿಂದ ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಮೇಲೇರಿತು. ಅಮೆರಿಕದಲ್ಲಿ ಆ ಮಾದರಿ ನಿಂತುಹೋದ ಮೇಲೂ ಭಾರತದಲ್ಲಿ ಅದೇ ಮುಖ ದಶಕಗಟ್ಟಲೆ ಮುಂದುವರಿಯಿತು. 1980ರ ದಶಕದಲ್ಲಿ ಬಂದ ಎಂ.ಎಂ. 540ರಂಥ ಜೀಪುಗಳಲ್ಲಿ ಪೂಜೋ ವಿನ್ಯಾಸದ 2,112 ಸಿ.ಸಿ. ಡೀಸೆಲ್ ಎಂಜಿನ್ ಇತ್ತು.

ಎರಡನೆಯ ಕಡ್ಡಿ

ಜೀಪಿನಲ್ಲಿ ಗೇರಿನ ಕಡ್ಡಿಯ ಪಕ್ಕದಲ್ಲಿ ಇನ್ನೂ ಕಡ್ಡಿ ಇರುತ್ತದೆ. ಗೇರು ಪೆಟ್ಟಿಗೆಯ ಹಿಂದೆ ಕುಳಿತಿರುವ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯನ್ನು ಇದು ಆಳುತ್ತದೆ. ಎಂಜಿನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಮಾತ್ರ ಕೊಡಬೇಕೋ, ಮುಂದಿನವಕ್ಕೂ ಹಂಚಬೇಕೋ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ‘ಲೋ’ ಸ್ಥಾನಕ್ಕೆ ಹಾಕಿದರೆ ಚಕ್ರದ ಎಳೆತ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ, ವೇಗ ಅಷ್ಟೇ ಪಾಲು ಇಳಿಯುತ್ತದೆ. ಕೊಡಚಾದ್ರಿಯ ಕಲ್ಲುದಾರಿಯಂಥ ಕಡೆ ಏರುವಾಗಲಷ್ಟೇ ಅಲ್ಲ, ಇಳಿಯುವಾಗಲೂ ಇದು ಬೇಕು. ಬ್ರೇಕಿನ ಮೇಲೇ ಭಾರ ಹಾಕದೆ ಎಂಜಿನ್ನೇ ವಾಹನವನ್ನು ಹಿಡಿದು ಇಳಿಸುತ್ತದೆ.

ಆದರೆ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರದ ಎಳೆತ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕಡ್ಡಿ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟುಗಳೆರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ವ್ಯತ್ಯಾಸವನ್ನು ಸರಿದೂಗಿಸಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರಲು ಆಸ್ಪದವಿಲ್ಲ. ಆ ಸೆಟೆತವೆಲ್ಲ ಶಾಫ್ಟಿನ ಕ್ರಾಸುಗಳ ಮೇಲೆ, ಗೇರುಗಳ ಮೇಲೆ ಬೀಳುತ್ತದೆ. ಕ್ರಾಸು ಪದೇ ಪದೇ ಹೋಗುತ್ತಿದ್ದರೆ ಅದರ ಗುಣಮಟ್ಟವನ್ನು ದೂರುವ ಮುನ್ನ ಓಡಿಸುವ ರೀತಿಯನ್ನೂ ನೋಡಬೇಕಾಗುತ್ತದೆ.

ಅಂಗಳದ ವೈದ್ಯ

ಮನೆಯಲ್ಲೇ ಆಗುವ ಕೆಲಸಗಳಲ್ಲಿ ಮೊದಲನೆಯದು ಗ್ರೀಸು. ಶಾಫ್ಟಿನ ಕ್ರಾಸು, ಸ್ಪ್ರಿಂಗಿನ ಷಾಕಲ್, ಸ್ಟೇರಿಂಗಿನ ಕೀಲುಗಳಲ್ಲಿ ನಿಪ್ಪಲ್‌ಗಳಿರುತ್ತವೆ. ಗ್ರೀಸ್ ಗನ್ನಿನಿಂದ ಹೊಸ ಗ್ರೀಸು ಒತ್ತಿದರೆ ಒಳಗಿನ ಕೊಳೆ, ನೀರು ಹೊರಬರುತ್ತದೆ.

ಹಳ್ಳ ದಾಟಿದ ಮೇಲೆ ಡಿಫರೆನ್ಷಿಯಲ್ಲಿನ ಎಣ್ಣೆ ನೋಡಬೇಕು. ಓಡಿ ಬಿಸಿಯಾದ ಆಕ್ಸೆಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಉಸಿರುಗಂಡಿ ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಅದನ್ನು ಚೆಲ್ಲಿ ಹೊಸದು ತುಂಬಿದರೆ ಖರ್ಚು ಎಣ್ಣೆಯದು ಮಾತ್ರ. ಬಿಟ್ಟರೆ ಬೇರಿಂಗು, ಗೇರುಗಳ ಖರ್ಚು ತಲೆಗೆ ಬರುತ್ತದೆ.

ಪೆಟ್ರೋಲ್ ಜೀಪು ಮಳೆಗಾಲದ ಬೆಳಿಗ್ಗೆ ಹಠ ಹಿಡಿದರೆ ಹೆಚ್ಚಿನ ಸಲ ತಪ್ಪು ಡಿಸ್ಟ್ರಿಬ್ಯೂಟರಿನದು. ಮುಚ್ಚಳದೊಳಗೆ ತೇವ ಕೂತರೆ ಕಿಡಿ ದಾರಿ ತಪ್ಪುತ್ತದೆ. ಒಣ ಬಟ್ಟೆಯಿಂದ ಒರೆಸಿ, ಪಾಯಿಂಟ್ ಉಜ್ಜಿ, ಅದರ ಸಂದನ್ನು ಸುಮಾರು ಅರ್ಧ ಮಿಲಿಮೀಟರಿಗೆ ಸರಿಮಾಡಿದರೆ ಎಂಜಿನ್ ಮಾತಾಡುತ್ತದೆ. ಬೇಸಿಗೆಯ ಏರಿನಲ್ಲಿ ನಿಂತರೆ ಕಾರಣ ಬೇರೆ: ಶಾಖಕ್ಕೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪಂಪು ಸೋಲುತ್ತದೆ. ಎಂಜಿನ್ ಆರಿಸಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯುವುದೇ ಮದ್ದು. ಡೀಸೆಲ್ ಜೀಪಿನ ಕಾಯಿಲೆ ಗಾಳಿ ಹಿಡಿಯುವುದು. ಟ್ಯಾಂಕು ಬರಿದಾಗಿ ಪೈಪಿಗೆ ಗಾಳಿ ಹೊಕ್ಕಿದರೆ, ಫಿಲ್ಟರಿನ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಬೇಕು.

ಬಲ ಕೊಟ್ಟಲ್ಲಿ ಭಾರ

ರಿಪೇರಿಯಿಂದ ಮುಂದಿನ ಹೆಜ್ಜೆ ಸುಧಾರಣೆ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದರೆ ಎಂಜಿನ್ ನಿಧಾನವಾಗಿ ಓಡುವಾಗಲೂ ಬ್ಯಾಟರಿ ಚಾರ್ಜ್ ಆಗುತ್ತದೆ. ಹೆಚ್ಚು ತೊಂದರೆಯಿಲ್ಲದ ಬದಲಾವಣೆ ಇದು. ಆದರೆ ಎಲ್ಲವೂ ಹೀಗಲ್ಲ.

ದೊಡ್ಡ ಟಯರಿನ ಉದಾಹರಣೆ ನೋಡಿ. ಕಲ್ಲಿನ ಮೇಲೆ ಹೊಟ್ಟೆ ತಾಗುವುದು ತಪ್ಪುತ್ತದೆ, ನೋಟವೂ ಗತ್ತಿನದು. ಆದರೆ ಚಕ್ರ ದೊಡ್ಡದಾದಷ್ಟೂ ಎಂಜಿನಿಗೆ ಅದನ್ನು ತಿರುಗಿಸುವುದು ಕಷ್ಟ, ಬ್ರೇಕಿಗೆ ತಡೆಯುವುದು ಕಷ್ಟ. ಆಕ್ಸೆಲ್ ಶಾಫ್ಟಿನ ಮೇಲೆ ತಿರುಚು ಹೆಚ್ಚುತ್ತದೆ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಒಂದು ಕಡೆ ಬಲ ಕೊಟ್ಟರೆ ಇನ್ನೊಂದು ಕಡೆ ಭಾರ ಬೀಳುತ್ತದೆ ಎಂಬುದು ಜೀಪಿನ ಎಲ್ಲ ಸುಧಾರಣೆಗಳಿಗೂ ಹೊಂದುವ ಮಾತು. ವರ್ಷದಲ್ಲಿ ಮೂರು ತಿಂಗಳು ಕೆಸರು ತುಳಿಯಲು ಟಯರಿಗೆ ಸರಪಳಿ ಸುತ್ತುವ ಮಲೆನಾಡಿನ ಹಳೆಯ ಪದ್ಧತಿ ಈ ದೃಷ್ಟಿಯಿಂದ ಜಾಣತನದ್ದು. ಬೇಕಾದಾಗ ಸುತ್ತಿ, ಡಾಂಬರು ಸಿಕ್ಕಾಗ ಬಿಚ್ಚಿದರಾಯಿತು.

ಮೊದಲು ಹಣ ಹಾಕಬೇಕಾದ ಜಾಗ ಬ್ರೇಕು. ಹಳೆಯ ಅನೇಕ ಜೀಪುಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಎಣ್ಣೆ ಹೋಗುವುದು ಒಂದೇ ದಾರಿಯಿಂದ. ಎಲ್ಲೋ ಒಂದು ಪೈಪು ಒಡೆದರೆ ನಾಲ್ಕೂ ಕೈಕೊಡುತ್ತವೆ. ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ದಾರಿ ಇರುವ ಜೋಡಿ ಮಾಸ್ಟರ್ ಸಿಲಿಂಡರ್ ಇದ್ದರೆ ಅರ್ಧ ಬ್ರೇಕಾದರೂ ಉಳಿಯುತ್ತದೆ. ಈ ಕೆಲಸ ಮಾತ್ರ ಅಂಗಳದ್ದಲ್ಲ, ತಿಳಿದವರ ಗ್ಯಾರೇಜಿನದು. ಸ್ಟೇರಿಂಗೂ ಅಷ್ಟೇ. ಒಂದು ವೇಗಕ್ಕೆ ಬಂದಾಗ ಮುಂದಿನ ಚಕ್ರಗಳು ಗಡಗಡ ನಡುಗಿದರೆ ಕಿಂಗ್‌ಪಿನ್ ಬೇರಿಂಗು, ಟೈರಾಡ್ ಕೀಲು, ಸ್ಪ್ರಿಂಗಿನ ಬುಷ್ ಇವುಗಳಲ್ಲಿ ಸವೆತ ಹುಡುಕಬೇಕು. ಸವೆದದ್ದನ್ನು ಬಿಟ್ಟು ಡ್ಯಾಂಪರ್ ಒಂದನ್ನು ಮಾತ್ರ ಸಿಕ್ಕಿಸಿದರೆ ನಡುಕ ಅಡಗುತ್ತದೆಯೇ ಹೊರತು ರೋಗ ಹೋಗುವುದಿಲ್ಲ.

ಕಾನೂನಿನ ಗೆರೆ

ಪೆಟ್ರೋಲ್ ತುಟ್ಟಿಯಾದಾಗ ಎಷ್ಟೋ ಜೀಪುಗಳು ಡೀಸೆಲ್ ಎಂಜಿನಿಗೆ ಬದಲಾದವು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಗಳಲ್ಲಿ ಬಿಡಿಭಾಗ ಹುಡುಕುವುದು ಜೀಪಿನವರಿಗೆ ಪರಿಚಿತ ಯಾತ್ರೆ. ಆದರೆ ಕೈಗೆ ಸಾಧ್ಯವಾದದ್ದೆಲ್ಲ ಕಾನೂನಿಗೆ ಒಪ್ಪಿಗೆಯಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಗೆ ತಡೆ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಸುವುದಾದರೆ ಮೊದಲು ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಪಡೆದು, ನೋಂದಣಿ ದಾಖಲೆಯಲ್ಲಿ ಬರೆಸಬೇಕು. ದಾಖಲೆಗೆ ಹೊಂದದ ಎಂಜಿನಿನ ಜೀಪು ಅಪಘಾತಕ್ಕೆ ಸಿಕ್ಕರೆ ವಿಮೆಯ ಹಣಕ್ಕೂ ತಕರಾರು ಬರಬಹುದು.

ಹದಿನೈದು ವರ್ಷ ತುಂಬಿದ ಖಾಸಗಿ ವಾಹನದ ನೋಂದಣಿಯನ್ನು ತಪಾಸಣೆ ಮಾಡಿಸಿ ನವೀಕರಿಸಬೇಕು. ಕಾರು, ಜೀಪುಗಳಿಗೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು. ಹಳೆಯ ವಾಹನಗಳ ಹೊಗೆಯ ದೃಷ್ಟಿಯಿಂದ ಸರ್ಕಾರದ ಧೋರಣೆಗೆ ಕಾರಣವಿದೆ. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್, ಅದೂ ತೋಟದೊಳಗೇ ಓಡುವ ಜೀಪಿನ ಮಾಲೀಕನಿಗೆ ಅದು ಭಾರವೆನಿಸುವುದೂ ಸಹಜ.

ಹಳೆಯ ಜೀಪಿಗೆ ಶುಲ್ಕಕ್ಕಿಂತ ದೊಡ್ಡ ಕೊರತೆ ಕೈಗಳದ್ದು. ಇಂದಿನ ವಾಹನಗಳಲ್ಲಿ ದೋಷವನ್ನು ಹೇಳುವುದು ಕಂಪ್ಯೂಟರ್. ಗ್ಯಾರೇಜು ಸೇರುವ ಹುಡುಗ ಮೊದಲು ಕಲಿಯುವುದು ಅದನ್ನೇ. ಪಾಯಿಂಟಿನ ಸಂದನ್ನು ಕಣ್ಣಳತೆಯಲ್ಲಿ ಹಿಡಿಯುವವರು, ಗೇರಿನ ಸದ್ದು ಕೇಳಿಯೇ ಯಾವ ಬೇರಿಂಗು ಹೋಗಿದೆಯೆಂದು ಹೇಳುವವರು ಊರೂರಿನಲ್ಲೂ ವಯಸ್ಸಾದವರು. ಆ ವಿದ್ಯೆ ಪುಸ್ತಕದಲ್ಲಿ ಅಲ್ಪಸ್ವಲ್ಪ ಸಿಕ್ಕೀತು. ಉಳಿದದ್ದನ್ನು ಜೀಪಿನಡಿ ಚಾಪೆ ಹಾಸಿ, ಟಾರ್ಚ್ ಹಿಡಿದು, ಅವರ ಪಕ್ಕದಲ್ಲಿ ಮಲಗಿಯೇ ಕಲಿಯಬೇಕು. ಅದಕ್ಕೆ ಮಳೆ ಹಿಡಿಯುವ ಮುನ್ನಿನ ಒಂದು ಭಾನುವಾರ ಸಾಕಾಗುವುದಿಲ್ಲ, ಹಲವು ವರ್ಷಗಳ ಭಾನುವಾರಗಳು ಬೇಕು.