ಜಿನ್‌ಸೆಂಗಿನ ನೆಲೆಯೂ ಕೋಗಳಿಯ ನೆಲವೂ

ಉಳುಮೆ ಗೊಬ್ಬರಗಳ ಗೊಡವೆಯಿಲ್ಲದೆ, ಕಾಡಿನ ಮರಗಳ ನೆರಳಿನಲ್ಲಿ ಬೀಜವೂರಿ, ತಾನಾಗಿ ಹುಟ್ಟಿದ ಗಿಡವೋ ಎಂಬಂತೆ ಔಷಧದ ಬೇರಾದ ಜಿನ್‌ಸೆಂಗನ್ನು ಬೆಳೆಸುವ ಪದ್ಧತಿ ಅಮೆರಿಕದಲ್ಲಿ ಉಂಟೆಂದು ಓದಿದ ಕೂಡ್ಲಿಗಿ ಸೀಮೆಯ ಕೃಷಿಕಮಿತ್ರರೊಬ್ಬರು, ಗುಡೇಕೋಟೆಯ ಕುರುಚಲು ಕಾಡಿನ ಅಂಚಿನಲ್ಲಿ ಅದು ಸಾಧ್ಯವೇ ಎಂದು ಕೇಳಿದ್ದಾರೆ. ಸಾಧ್ಯವಿಲ್ಲ, ಆದರೆ ಏಕೆ ಸಾಧ್ಯವಿಲ್ಲವೆಂಬುದು ಬಹು ಸ್ವಾರಸ್ಯವಾದ ವಿಚಾರ.

ಚೀನದ ಚಕ್ರವರ್ತಿಯ ಅಪ್ಪಣೆಯಂತೆ ಭೂಪಟ ರಚನೆಗೆಂದು ಸಂಚರಿಸುತ್ತಿದ್ದ ಜಾರ್ಟೂ ಎಂಬ ಫ್ರೆಂಚ್ ಪಾದ್ರಿ 1709ರಲ್ಲಿ ಈ ಗಿಡವನ್ನು ಕಂಡು, 1711ರಲ್ಲಿ ಬರೆದ ಪತ್ರದಲ್ಲಿ ಅದರ ರೂಪದೊಡನೆ ನೆಲೆಯನ್ನೂ ವರ್ಣಿಸಿ, ಅದು 39ರಿಂದ 47 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವಣ ಬೆಟ್ಟಗಾಡಿನದೆಂದೂ, ಲೋಕದಲ್ಲಿ ಮತ್ತೆಲ್ಲಿಯಾದರೂ ಇರುವುದಾದರೆ ಅಂಥದೇ ಅರಣ್ಯಗಳುಳ್ಳ ಕೆನಡದಲ್ಲಿರಬಹುದೆಂದೂ ಊಹಿಸಿದನು. ಆ ಪತ್ರವನ್ನು ಓದಿದ ಲಾಫಿಟೊ ಎಂಬ ಮತ್ತೊಬ್ಬ ಪಾದ್ರಿ, ಮಾಂಟ್ರಿಯಲ್ ಬಳಿಯ ಮೋಹಾಕ್ ಜನರ ನಡುವೆ ವಾಸಿಸುತ್ತ ಅರಸಿ, 1716ರಲ್ಲಿ ಅದರ ಸೋದರ ಜಾತಿಯನ್ನು ಕಂಡೇಬಿಟ್ಟನು. ನೆಲದ ಗುಣದಿಂದಲೇ ಗಿಡದ ಇರವನ್ನು ಸಾಗರದಾಚೆಗೆ ಊಹಿಸಿದ ಆ ಬುದ್ಧಿಶಕ್ತಿಗೆ ನಾನು ತಲೆಬಾಗುತ್ತೇನೆ.

ಆ ಉತ್ತರದ ಕಾಡುಗಳಲ್ಲಿ ಮರಗಳು ಎಲೆಯುದುರಿಸುವುದು ಚಳಿಗಾಲದಲ್ಲಿ. ಆಗ ಜಿನ್‌ಸೆಂಗ್ ಮಣ್ಣಿನೊಳಗೆ ನಿದ್ರಿಸುತ್ತದೆ. ವಸಂತದಲ್ಲಿ ಅದು ತಲೆಯೆತ್ತಿದ ಬಳಿಕ ಬೇಸಗೆಯುದ್ದಕ್ಕೂ ಮುಕ್ಕಾಲುಪಾಲು ಬಿಸಿಲನ್ನು ತಡೆಯುವ ದಟ್ಟವಾದ ನೆರಳೂ, ಕೊಳೆತ ಎಲೆಗಳ ತೇವವೂ ದೊರಕುತ್ತವೆ. ಕೂಡ್ಲಿಗಿಯ ಸುತ್ತಿನ ನಮ್ಮ ಈ ಕೋಗಳಿಯಾದರೋ 15 ಡಿಗ್ರಿಯ ಆಸುಪಾಸಿನ ನಾಡು. ನಮ್ಮ ದಿಂಡಿಗ, ಕಮರಗಳು ಬೋಳಾಗುವುದು ಬಿಸಿಲು ಅತ್ಯುಗ್ರವಾಗುವ ಹೊತ್ತಿನಲ್ಲಿ. ಅಂದರೆ ನೆರಳು ಬೇಕಾದಾಗ ನೆರಳಿಲ್ಲ. ಮೊಳಕೆಯನ್ನು ಎಚ್ಚರಿಸಬೇಕಾದ ದೀರ್ಘ ಶೈತ್ಯವಂತೂ ಎಂದಿಗೂ ಇಲ್ಲ. ಸಹಜವಾಗಿ ಬಿದ್ದ ಬೀಜ ಮೊಳೆಯಲು ಅಲ್ಲಿಯೇ ಸುಮಾರು 18 ತಿಂಗಳು ಹಿಡಿಯುವುದರಿಂದ, ಇಲ್ಲಿ ಹಣ ತೆತ್ತು ಬೀಜ ತರಿಸಿದವರು ವೃಥಾ ಕಾಯುವುದಷ್ಟೇ ಉಳಿದೀತು.

ಹಾಗಾದರೆ ಈ ನೆಲಕ್ಕೆ ಒಗ್ಗುವ ಗಿಡವಾವುದು? ಭಾರತೀಯ ಜಿನ್‌ಸೆಂಗ್ ಎಂದು ವ್ಯಾಪಾರಿಗಳು ಕೊಂಡಾಡುವ ಅಶ್ವಗಂಧ, ಎಂದರೆ ನಮ್ಮ ಹಿರೇಮದ್ದಿನ ಗಿಡ, ಕುಲದಿಂದ ಬದನೆಯ ಬಂಧು. ಜಿನ್‌ಸೆಂಗಿಗೂ ಅದಕ್ಕೂ ರಕ್ತಸಂಬಂಧವಿಲ್ಲ, ಬೇರಿನ ರಾಸಾಯನಿಕಗಳೂ ಬೇರೆ. ಅದರ ಬಗೆಗೆ ಹಬ್ಬಿಸಿರುವ ಸರ್ವರೋಗಪರಿಹಾರದ ಮಾತುಗಳನ್ನು ನಾನು ಒಪ್ಪಲಾರೆ. ಆದರೆ ಅದರ ನೆಲೆ ಮಾತ್ರ ನಮ್ಮದೇ: ಪಾಳುನೆಲದಲ್ಲಿಯೂ ತಾನಾಗಿ ಹುಟ್ಟುವ ಈ ಗಿಡಕ್ಕೆ ತುಂಬು ಬಿಸಿಲು ಬೇಕು, ಮಿತವಾದ ಮಳೆ ಸಾಕು. ಆದುದರಿಂದ ಮಿತ್ರರು ಕಾಡಿನ ನೆರಳನ್ನು ಬಿಟ್ಟು, ನೀರು ನಿಲ್ಲುವ ಎರೆಯನ್ನೂ ಬಿಟ್ಟು, ಬಸಿದುಹೋಗುವ ಮಸಾರಿ ಹೊಲವನ್ನು ಆರಿಸಿಕೊಳ್ಳಲಿ; ಮುಂಗಾರಿನ ಕೊನೆಯಲ್ಲಿ ಬಿತ್ತಿದರೆ ಐದಾರು ತಿಂಗಳಿಗೆ ಬೇರು ಅಗೆಯಲು ಬರುತ್ತದೆ. ಬಿತ್ತುವ ಮುನ್ನವೇ ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳಬೇಕೆಂದು ಅವರಲ್ಲಿ ನನ್ನ ಬಿನ್ನಹ.