ಮಣ್ಣಿನ ಹಕ್ಕಿಗೆ ಗುರಿ

ಶಾಲೆಯ ಆಟಗಳೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಕಬಡ್ಡಿ, ಖೋಖೋ, ಕ್ರಿಕೆಟ್, ಹೆಚ್ಚೆಂದರೆ ಹಾಕಿ. ಹೈಸ್ಕೂಲಿನ ಹುಡುಗ ಹುಡುಗಿಯರು ಕೋವಿ ಹಿಡಿದು, ತಮ್ಮ ಶಾಲೆಯ ಹೆಸರಿನಲ್ಲಿ ಪಂದ್ಯಕ್ಕೆ ನಿಲ್ಲುವರೆಂದರೆ ಹೆತ್ತವರ ಎದೆ ಝಲ್ಲೆನ್ನುವುದು ಸಹಜವೇ. ಅಮೆರಿಕದ ಉತ್ತರದ ಅಂಚಿನಲ್ಲಿರುವ ಮಿನೆಸೋಟ ರಾಜ್ಯದಲ್ಲಿ ಇಂಥದೊಂದು ಪಂದ್ಯಾವಳಿ ೨೦೦೮ರಲ್ಲಿ ಮೂರು ಶಾಲೆಗಳ ಮೂವತ್ತು ಮಕ್ಕಳಿಂದ ಆರಂಭವಾಗಿ, ಹತ್ತು ವರ್ಷ ತುಂಬುವುದರೊಳಗೆ ಹತ್ತು ಸಾವಿರಕ್ಕೂ ಮಿಕ್ಕಿ ಮಕ್ಕಳನ್ನು ಕೂಡಿಸಿಕೊಂಡಿತು. ನಮ್ಮ ನಿಮ್ಮ ಮನೆಗಳ ಮಕ್ಕಳು ಆ ದೇಶದಲ್ಲಿ ನೆಲಸಿ, ಮೊಮ್ಮಕ್ಕಳು ಅಲ್ಲಿಯ ಶಾಲೆಗಳಿಗೆ ಹೋಗುತ್ತಿರುವ ಈ ಕಾಲದಲ್ಲಿ ಆ ಆಟದ ಸಮಾಚಾರವನ್ನು ತಿಳಿದಿರುವುದು ಒಳ್ಳೆಯದು.

ಆಟದ ಹೆಸರು ಟ್ರ್ಯಾಪ್ ಶೂಟಿಂಗ್. ಬಯಲಿನಲ್ಲಿ ತಗ್ಗಾಗಿ ಕಟ್ಟಿದ ಒಂದು ಸಣ್ಣ ಗೂಡು, ಅದರೊಳಗೊಂದು ಯಂತ್ರ. ಗೂಡಿನ ಹಿಂದೆ ೧೬ ಗಜ ದೂರದಲ್ಲಿ ಸಾಲಾಗಿ ಐದು ಜಾಗಗಳು. ಒಂದೊಂದರಲ್ಲಿ ಒಬ್ಬೊಬ್ಬ ಗುರಿಕಾರ. ಸರದಿ ಬಂದವರು ‘ಪುಲ್’ ಎಂದು ಕೂಗಿದೊಡನೆ ಯಂತ್ರವು ಅಂಗೈಯಗಲದ ಬಿಲ್ಲೆಯೊಂದನ್ನು ಗಂಟೆಗೆ ಸುಮಾರು ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಎಸೆಯುತ್ತದೆ. ಅದು ಎಡಕ್ಕೆ ಹಾರುವುದೋ, ಬಲಕ್ಕೋ, ನೇರಕ್ಕೋ, ಮೊದಲೇ ತಿಳಿಯದು. ಒಂದು ಬಿಲ್ಲೆಗೆ ಒಂದೇ ಈಡು. ಚರೆ ತಗುಲಿ ಬಿಲ್ಲೆಯ ಚೂರೊಂದಾದರೂ ಕಣ್ಣಿಗೆ ಕಾಣುವಂತೆ ಸಿಡಿದರೆ ಒಂದು ಅಂಕ, ಇಲ್ಲವಾದರೆ ಸೊನ್ನೆ. ಒಂದೊಂದು ಜಾಗದಲ್ಲಿ ಐದರಂತೆ ೨೫ ಬಿಲ್ಲೆಗಳು ಮುಗಿದರೆ ಒಂದು ಸುತ್ತು.

ಹಿಂದೆ ಇಂಗ್ಲೆಂಡಿನಲ್ಲಿ ಜೀವಂತ ಪಾರಿವಾಳಗಳನ್ನು ಪೆಟ್ಟಿಗೆಯಿಂದ ಬಿಟ್ಟು ಹೊಡೆಯುತ್ತಿದ್ದರು. ಅಮೆರಿಕದಲ್ಲಿ ಆಮೇಲೆ ಗಾಜಿನ ಗುಂಡುಗಳು ಬಂದುವು. ಸಿನ್ಸಿನಾಟಿ ನಗರದ ಜಾರ್ಜ್ ಲಿಗೌಸ್ಕಿ ಎಂಬಾತ ೧೮೮೦ರಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗೆ ಪೇಟೆಂಟ್ ಪಡೆದ. ಆತನ ಬಿಲ್ಲೆಗಳು ಗಟ್ಟಿಯಾಗಿ, ಚರೆ ತಗುಲಿದರೂ ಕೆಲವು ಸಲ ಒಡೆಯುತ್ತಿರಲಿಲ್ಲ. ಈಗಿನವು ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಬೆರೆಸಿ ಮಾಡಿದವು. ಮಣ್ಣು ಹೋಗಿದೆ, ಪಾರಿವಾಳವೂ ಹೋಗಿದೆ. ‘ಮಣ್ಣಿನ ಪಾರಿವಾಳ’ ಎಂಬ ಹೆಸರು ಮಾತ್ರ ಉಳಿದಿದೆ.

ಈ ಆಟವನ್ನು ಮಿನೆಸೋಟದ ಶಾಲೆಗಳಿಗೆ ತಂದವರು ಜಿಮ್ ಸೇಬಲ್ ಎಂಬ, ಜಾಹೀರಾತಿನ ಉದ್ಯೋಗದಿಂದ ನಿವೃತ್ತರಾದ ಗೃಹಸ್ಥರು. ತಮ್ಮ ಗುರಿಕಾರರ ಕ್ಲಬ್ಬಿನಲ್ಲಿ ಎಲ್ಲಿ ನೋಡಿದರೂ ನರೆತ ತಲೆಗಳೇ ಎಂಬುದು ಅವರ ಚಿಂತೆಯಾಗಿತ್ತು. ಹೀಗೇ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಬಾಗಿಲು ಮುಚ್ಚಬೇಕಾದೀತೆಂದು, ೨೦೦೧ರಲ್ಲಿ ಶಾಲೆಯ ಮಕ್ಕಳನ್ನು ಕರೆದು ಹಿರಿಯರ ಕೈಯಲ್ಲಿ ಪಾಠ ಹೇಳಿಸತೊಡಗಿದರು. ಮುದುಕರ ಕ್ಲಬ್ಬಿಗೆ ಮಕ್ಕಳ ದನಿ ಬಂತು. ಶಾಲೆ ಶಾಲೆಗಳ ನಡುವೆ ಪಂದ್ಯ ನಡೆಯುವಂತಾಗಲು ಮತ್ತೆ ಏಳು ವರ್ಷಗಳು ಹಿಡಿದುವು.

ಆ ಏಳು ವರ್ಷಗಳು ಎಂಥವೆಂಬುದನ್ನು ಮರೆಯಲಾಗದು. ಇದೇ ಮಿನೆಸೋಟದ ಕೋಲ್ಡ್ ಸ್ಪ್ರಿಂಗ್ ಊರಿನ ಹೈಸ್ಕೂಲಿನಲ್ಲಿ ೨೦೦೩ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಯೊಬ್ಬ ಹಾರಿಸಿದ ಗುಂಡಿಗೆ ಇಬ್ಬರು ವಿದ್ಯಾರ್ಥಿಗಳು ಬಲಿಯಾದರು. ೨೦೦೫ರ ಮಾರ್ಚಿನಲ್ಲಿ ರೆಡ್ ಲೇಕ್ ಎಂಬಲ್ಲಿ ಹದಿನಾರರ ಹುಡುಗನೊಬ್ಬ ಮನೆಯಲ್ಲಿಯೂ ಶಾಲೆಯಲ್ಲಿಯೂ ಗುಂಡು ಹಾರಿಸಿ ಒಂಬತ್ತು ಮಂದಿಯನ್ನು ಕೊಂದು ತಾನೂ ಸತ್ತ. ಇಷ್ಟೆಲ್ಲ ಆದ ಮೇಲೂ ಶಾಲೆಯ ಹೆಸರನ್ನು ಕೋವಿಯೊಂದಿಗೆ ಜೋಡಿಸುವುದೇ ಎಂಬ ಪ್ರಶ್ನೆ ತಪ್ಪೇನೂ ಅಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಿಯ ಮುಂದೆ ಕ್ರೀಡೆಯ ಗುಣಗಾನ ಮಾಡಲು ಯಾರಿಗೆ ನಾಲಗೆ ಬಂದೀತು?

ಈ ಪ್ರಶ್ನೆಗೆ ಆಟವನ್ನು ಕಟ್ಟಿದವರು ಕೊಟ್ಟ ಉತ್ತರ ಮಾತಿನದಲ್ಲ, ಕಟ್ಟುಪಾಡಿನದು. ಮೊದಲು ಸುರಕ್ಷತೆ, ಆಮೇಲೆ ಸಂತೋಷ, ಕೊನೆಯಲ್ಲಿ ಗುರಿಗಾರಿಕೆ: ಇದೇ ಅವರ ಕ್ರಮ, ಈ ಕ್ರಮ ಅದಲುಬದಲಾಗಕೂಡದು. ಸುರಕ್ಷತೆಯ ಪಾಠ ಮುಗಿಸಿ ಸರ್ಟಿಫಿಕೇಟು ಪಡೆಯದ ವಿದ್ಯಾರ್ಥಿಗೆ ತಂಡದಲ್ಲಿ ಸ್ಥಾನವಿಲ್ಲ. ಅಭ್ಯಾಸ, ಪಂದ್ಯ ಎರಡೂ ನಡೆಯುವುದು ಊರಿನ ಗುರಿಕಾರರ ಕ್ಲಬ್ಬಿನ ಬಯಲಿನಲ್ಲಿ, ಶಾಲೆಯ ಅಂಗಳದಲ್ಲಲ್ಲ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಕಡ್ಡಾಯ. ಸರದಿ ಬರುವವರೆಗೆ ಕೋವಿ ಬರಿದಾಗಿ, ಬಾಯಿ ತೆರೆದೇ ಇರಬೇಕು. ತನ್ನ ಜಾಗದಲ್ಲಿ ನಿಂತ ಮೇಲೆಯೇ ತೋಟೆ ತುಂಬುವುದು, ಅದೂ ಒಂದೇ ಒಂದು. ತರಬೇತಿಯವರ ಕಣ್ಣು ಸದಾ ಮಕ್ಕಳ ಮೇಲೆ. ಆರಂಭದಿಂದಲೂ ಗಾಯದ ಪ್ರಕರಣ ಒಂದೂ ವರದಿಯಾಗಿಲ್ಲವೆಂದು ಲೀಗಿನವರು ಹೇಳಿಕೊಂಡು ಬಂದಿದ್ದಾರೆ.

ಇನ್ನು ಪಂದ್ಯದ ಏರ್ಪಾಡು. ದೂರದೂರದ ಊರುಗಳಿಗೆ ಪ್ರತಿ ವಾರವೂ ಮಕ್ಕಳನ್ನು ಕರೆದೊಯ್ಯುವುದು ಹಣಕ್ಕೂ ಕಷ್ಟ, ಹೊತ್ತಿಗೂ ಕಷ್ಟ. ಆದುದರಿಂದ ಒಂದೊಂದು ತಂಡವೂ ತನ್ನ ಊರಿನ ಬಯಲಿನಲ್ಲಿಯೇ ವಾರಕ್ಕೆ ಎರಡು ಸುತ್ತು, ಎಂದರೆ ೫೦ ಬಿಲ್ಲೆ ಹೊಡೆದು ಅಂಕಗಳನ್ನು ಕಂಪ್ಯೂಟರಿನ ಮೂಲಕ ಕಳುಹಿಸುತ್ತದೆ. ಹಿಮ ಕರಗುವ ವಸಂತದಲ್ಲಿ ಅಭ್ಯಾಸ ಮೊದಲಾಗಿ, ಐದು ವಾರ ಪಂದ್ಯ ನಡೆಯುತ್ತದೆ. ಇಪ್ಪತ್ತೈದಕ್ಕೆ ಸರಾಸರಿ ಹದಿನೈದು ಮುಟ್ಟದವರು ಹೊಸಬರ ತರಗತಿ, ಹತ್ತೊಂಬತ್ತು ಮುಟ್ಟಿದವರು ಮೇಲಿನ ತರಗತಿ, ಉಳಿದವರು ನಡುವಣವರು. ಹೊಸಬರ ಸ್ಪರ್ಧೆ ಹೊಸಬರೊಡನೆಯೇ. ಅಲ್ಲಿ ಮುಂದೆ ಬಂದ ಹುಡುಗಿಯ ಅಂಕವೂ ಶಾಲೆಯ ಲೆಕ್ಕಕ್ಕೆ ಸೇರುತ್ತದೆ.

ಈ ಆಟದ ಜೀವಾಳ ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಶಾಲೆಯ ತಂಡಗಳಲ್ಲಿ ಹನ್ನೊಂದು ಮಂದಿ ಆಡಿದರೆ ಮಿಕ್ಕವರು ಬೆಂಚಿನ ಮೇಲೆ ಕುಳಿತು ಚಪ್ಪಾಳೆ ತಟ್ಟಬೇಕು. ಎತ್ತರವಿಲ್ಲದವ, ಓಡಲಾರದವ, ನಾಚಿಕೆಯ ಹುಡುಗಿ, ಇವರಿಗೆ ಶಾಲೆಯ ಬಣ್ಣದ ಅಂಗಿ ತೊಡುವ ಭಾಗ್ಯವೇ ಇಲ್ಲ. ಇಲ್ಲಿ ಹಾಗಲ್ಲ. ಬೆಂಚೇ ಇಲ್ಲ! ಆರನೆಯ ತರಗತಿಯಿಂದ ಹನ್ನೆರಡನೆಯದರವರೆಗಿನವರು, ಗಂಡು ಹೆಣ್ಣೆಂಬ ಭೇದವಿಲ್ಲದೆ, ಒಂದೇ ತಂಡದಲ್ಲಿ ಅಕ್ಕಪಕ್ಕದಲ್ಲಿ ನಿಲ್ಲುತ್ತಾರೆ. ಗಾಲಿಕುರ್ಚಿಯಲ್ಲಿ ಕುಳಿತ ಮಗುವಿಗೂ ಸರದಿ ಉಂಟು.

ಬೆಳವಣಿಗೆ ಬೆರಗುಗೊಳಿಸುವಂಥದು. ೨೦೧೪ರಲ್ಲಿ ಮಿನೆಸೋಟದ ಹೈಸ್ಕೂಲು ಕ್ರೀಡೆಗಳ ಮೇಲ್ವಿಚಾರಣಾ ಸಂಸ್ಥೆಯೇ ಈ ಆಟವನ್ನು ಅಂಗೀಕರಿಸಿ, ಪ್ರಯರ್ ಲೇಕ್ ಎಂಬಲ್ಲಿ ರಾಜ್ಯ ಪಂದ್ಯವನ್ನು ನಡೆಸಿತು. ಲೀಗಿನವರು ಅಲೆಕ್ಸಾಂಡ್ರಿಯ ಎಂಬ ಊರಿನಲ್ಲಿ ನಡೆಸುವ ಪಂದ್ಯಕ್ಕೆ ಮಕ್ಕಳ ಸಂಖ್ಯೆ ಹೆಚ್ಚಿ, ಅದು ದಿನಗಟ್ಟಲೆ ನಡೆಯುವ ಜಾತ್ರೆಯಾಯಿತು. ಹಾಗೆಂದು ಆಕ್ಷೇಪಣೆ ನಿಂತಿಲ್ಲ. ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ತಂಡದ ಫೋಟೋ ಅಚ್ಚಾಗುವಾಗ ಮಕ್ಕಳ ಕೈಯಲ್ಲಿ ಕೋವಿ ಇರಬೇಕೆ, ಬೇಡವೆ ಎಂಬುದೇ ಅಲ್ಲಲ್ಲಿ ದೊಡ್ಡ ಚರ್ಚೆಯಾದದ್ದುಂಟು.

ಕನ್ನಡಿಗರಾದ ನಮಗೆ ಇದು ತೀರ ಅಪರಿಚಿತವೂ ಅಲ್ಲ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಯುತ್ತದೆ. ಪೂಜೆಗೆ ಇಟ್ಟದ್ದನ್ನು ಮನ ಬಂದಂತೆ ಎತ್ತಿಕೊಳ್ಳುವಂತಿಲ್ಲ. ಆಯುಧಕ್ಕೆ ಕಟ್ಟಿದ ಮೊದಲ ಬೇಲಿ ಭಕ್ತಿಯೇ. ಅಮೆರಿಕದವರು ಭಕ್ತಿಯ ಸ್ಥಾನದಲ್ಲಿ ನಿಯಮವನ್ನು ಇಟ್ಟಿದ್ದಾರೆ.

ಈ ಆಟದಿಂದ ಆ ದೇಶದ ಕೋವಿಯ ಪಿಡುಗು ನೀಗುವುದೆಂದು ಯಾರೂ ಭಾವಿಸಬೇಕಾಗಿಲ್ಲ. ನಾಳೆ ಅಲ್ಲಿರುವ ಮೊಮ್ಮಗಳು ಫೋನಿನಲ್ಲಿ, “ಅಜ್ಜಿ, ನಾನೂ ಶಾಲೆಯ ಟ್ರ್ಯಾಪ್ ತಂಡಕ್ಕೆ ಸೇರಲೇ?” ಎಂದು ಕೇಳಿದರೆ, ಹೌಹಾರುವ ಮೊದಲು ಒಂದು ಮಾತು ಕೇಳಿರಿ: ನಿಮ್ಮಲ್ಲಿ ಮೊದಲು ಕಲಿಸುವುದು ಹೊಡೆಯುವುದನ್ನೋ, ಹೊಡೆಯದೆ ಕಾಯುವುದನ್ನೋ? ಎರಡನೆಯದೇ ಮೊದಲೆಂದು ಅವಳು ಹೇಳಿದರೆ, ಹೆಚ್ಚಿನ ಉಪದೇಶ ಬೇಕಾಗಲಾರದು.